ಬಾಲ ಹಿಡಿದು ಪದ ಹುಡುಕಿದ್ದು

ಇಂಗ್ಲಿಷ್ ಪದಬಂಧದಲ್ಲಿ ಒಂದು ಪದಕ್ಕೆ ಏಳು ಮನೆ. ಕೊನೆಯ ಮನೆಯಲ್ಲಿ ಯು. ಸುಳಿವು ಇಷ್ಟೇ: 'ಉದಾಹರಣೆಗೆ, ಡೆಕ್ಕನ್'.

ದಖ್ಖನ್ ಪ್ರಸ್ಥಭೂಮಿ ಅಂತ ಶಾಲೆಯಲ್ಲಿ ಬಾಯಿಪಾಠ ಮಾಡಿದವಳು ನಾನು. ಅದರ ಮೇಲೇ ಹುಟ್ಟಿ ಬೆಳೆದವಳು. ಇಂಗ್ಲಿಷಿನಲ್ಲಿ ಅದನ್ನು ಪ್ಲಾಟೋ ಅನ್ನುತ್ತಾರೆ ಅನ್ನುವುದೂ ಗೊತ್ತಿತ್ತು. ಆದರೆ ನನ್ನ ಕಿವಿಗೆ ಅದು 'ಓ' ಅಂತ ಮುಗಿಯುವ ಪದ. ಕೊನೆಗೆ ಯು ಬಂದಿದೆಯಲ್ಲ, ಹಾಗಾದರೆ ಇದು ಬೇರೆ ಏನೋ ಅಂತ ಬಿಟ್ಟುಬಿಟ್ಟೆ. ಇಡೀ ಬೆಳಗ್ಗೆ ಅದರಲ್ಲೇ ಹೋಯಿತು.

ನಮ್ಮ ಬ್ಯಾಂಕಿನಲ್ಲಿ ಹಿರಿಯರೊಬ್ಬರಿದ್ದರು. ಊಟದ ಹೊತ್ತಿನಲ್ಲಿ ದಿನಾ ಇಂಗ್ಲಿಷ್ ಪದಬಂಧ ಬಿಡಿಸುತ್ತಿದ್ದರು. ಅವರ ಮುಂದೆ ಪೇಪರ್ ಇಟ್ಟೆ.

"ಕಿವಿಯನ್ನ ನಂಬಬೇಡಿ ಮೇಡಂ, ಕಣ್ಣಿಂದ ನೋಡಿ. ಏಳಕ್ಷರ, ಯು ಬಾಲ. ಅಂಥ ಪದ ಎಷ್ಟಿದ್ದಾವು ಹೇಳಿ?"

ಅವರೇ ಬೆರಳು ಮಡಿಸಿದರು. ಪ್ಲಾಟೋ. ಶಾಟೋ. ಕ್ಯಾರಿಬೂ. ಒಂದು ಎತ್ತರದ ಬಯಲು, ಒಂದು ಫ್ರಾನ್ಸಿನ ಕೋಟೆಮನೆ, ಒಂದು ಉತ್ತರ ಅಮೆರಿಕದ ಹಿಮಸಾರಂಗ. ಬರೆದು ನೋಡಿದರೆ ಮೂರಕ್ಕೂ ಏಳೇ ಅಕ್ಷರ, ಮೂರೂ ಯು ಅಂತಲೇ ಮುಗಿಯುತ್ತವೆ. ನನಗೆ ಮೈ ಜುಮ್ಮೆಂದಿತು. ಅವತ್ತು ಸಂಜೆಯೇ ಒಂದು ಉದ್ದ ನೋಟ್‌ಬುಕ್ ಕೊಂಡೆ.

ಐದನೇ ತರಗತಿಯಲ್ಲಿ ಎ ಬಿ ಸಿ ಡಿ ಕಲಿತವಳಿಗೆ ಈ ತೊಡಕು ಯಾಕೆ ಬರುತ್ತದೆ ಅಂತ ಆಮೇಲೆ ಯೋಚಿಸಿದೆ. ಕನ್ನಡದಲ್ಲಿ ಹೇಳಿದ್ದನ್ನೇ ಬರೆಯುತ್ತೇವೆ. ಪದಬಂಧದ ಒಂದು ಮನೆಗೆ ಒಂದು ಅಕ್ಷರ, ಒತ್ತು ಗುಣಿತ ಎಲ್ಲ ಸೇರಿ. ಪ್ರಸ್ಥಭೂಮಿಗೆ ನಾಲ್ಕೇ ಮನೆ ಸಾಕು. ಇನ್ನು ಹೊರಗಿನ ಪದ ಬಂದರೆ ಬಾಲಕ್ಕೊಂದು 'ಉ' ಸೇರಿಸಿ ನಮ್ಮದು ಮಾಡಿಕೊಳ್ಳುತ್ತೇವೆ: ಬಸ್ಸು, ಕಾರು, ರೈಲು, ಕೋರ್ಟು. ನಮ್ಮಲ್ಲಿ 'ಉ' ಬಾಲದ ಪದಗಳ ಜಾತ್ರೆ. ಇಂಗ್ಲಿಷಿನಲ್ಲಿ ಯು ಬಾಲದ ಪದಗಳೇ ಅಪರೂಪ. ಅದಕ್ಕೇ ಕೊನೆಯ ಮನೆಯಲ್ಲಿ ಯು ಸಿಕ್ಕರೆ ಅದು ದೊಡ್ಡ ಸುಳಿವು.

ನೋಟ್‌ಬುಕ್ಕಿನಲ್ಲಿ ಮೊದಲು ಮಾಡಿದ್ದು ತಪ್ಪಾಯಿತು. ಮೊದಲ ಅಕ್ಷರದ ಪ್ರಕಾರ ಬರೆಯುತ್ತಾ ಹೋದೆ. ಅಷ್ಟನ್ನು ಯಾವ ಡಿಕ್ಷನರಿಯಾದರೂ ಮಾಡಿಕೊಡುತ್ತದೆ, ಅಲ್ವಾ? ಹತ್ತು ಪುಟ ಹರಿದು ಹಾಕಿ ಮತ್ತೆ ಶುರು ಮಾಡಿದೆ. 3ರಿಂದ 15ರವರೆಗೆ ಒಂದೊಂದು ಉದ್ದಕ್ಕೂ ಕೆಲವು ಪುಟ. ಪುಟದೊಳಗೆ ಕೊನೆಯ ಅಕ್ಷರಕ್ಕೊಂದು ಕಾಲಂ. ಬಿಡಿಸಲಾಗದೆ ಸೋತ ಪದಗಳನ್ನು ಮಾತ್ರ ಬರೆಯಬೇಕು ಅಂತ ನಿಯಮ ಮಾಡಿಕೊಂಡೆ. ಸುಲಭವಾಗಿ ಬಂದ ಪದಕ್ಕೆ ಪಟ್ಟಿ ಯಾಕೆ?

ಆದರೂ ಎಸ್ ಕಾಲಂ ತಿಂಗಳೊಳಗೆ ತುಂಬಿತು. ಇಂಗ್ಲಿಷಿನಲ್ಲಿ ಬಹುಪಾಲು ನಾಮಪದಗಳಿಗೆ ಎಸ್ ಅಂಟಿಸಿದರೆ ಬಹುವಚನ. ಅವುಗಳನ್ನೆಲ್ಲ ಹೊಡೆದು ಹಾಕಿದೆ. ಏಕವಚನದಲ್ಲೇ ಎಸ್ ಇರುವವು ಮಾತ್ರ ಉಳಿದವು: ಲೆನ್ಸ್, ಅಟ್ಲಾಸ್, ಕ್ಯಾನ್ವಾಸ್, ಟೆನಿಸ್, ಜೀನಿಯಸ್. ಬಹುವಚನವನ್ನು ಬೇರೆ ಥರ ಬಳಸಿಕೊಂಡೆ. ಸುಳಿವು ಬಹುವಚನ ಕೇಳುತ್ತಿದ್ದರೆ ಪದ ಹೊಳೆಯುವ ಮೊದಲೇ ಕೊನೆಯ ಮನೆಯಲ್ಲಿ ಪೆನ್ಸಿಲಿನಿಂದ ಎಸ್ ಬರೆಯುತ್ತೇನೆ. ನಡೆದುಹೋದ ಕೆಲಸವಾದರೆ ಇ, ಡಿ. ಅಡ್ಡ ಬರುವ ಪದಕ್ಕೆ ಅದರಿಂದಲೇ ಒಂದು ಅಕ್ಷರ ಸಿಕ್ಕಿಬಿಡುತ್ತದೆ. ಒಮ್ಮೊಮ್ಮೆ ಅಳಿಸಬೇಕಾಗುತ್ತದೆ, ಆದರೆ ಲಾಭವೇ ಜಾಸ್ತಿ.

ನುಡಿಗಟ್ಟುಗಳಿಗೆ ಬೇರೆ ನೋಟ್‌ಬುಕ್ಕೇ ಬೇಕಾಯಿತು. ನನಗೆ ಅತಿ ಇಷ್ಟವಾದ ಭಾಗ ಇದು. ಸುಳಿವಿನ ಕೊನೆಗೆ 4,2 ಅಂತ ಇದ್ದರೆ ನಾಲ್ಕಕ್ಷರದ ಒಂದು ಪದ, ಎರಡಕ್ಷರದ ಒಂದು ಪದ. ಕೊನೆಗೆ ಪಿ ಇದೆಯಾ? ಹಾಗಾದರೆ ಎರಡನೆಯದು 'ಅಪ್'. ಗಿವ್ ಅಪ್, ವೇಕ್ ಅಪ್, ಹೋಲ್ಡ್ ಅಪ್, ಬ್ಯಾಕ್ ಅಪ್, ಎಲ್ಲಾ ಒಂದೇ ಅಳತೆಯವು. ಎನ್ ಇದ್ದರೆ 'ಇನ್' ಅಥವಾ 'ಆನ್'. 4,3 ಆಗಿ ಎಫ್ ಬಂದರೆ ಬಹುಪಾಲು 'ಆಫ್', ಟಿ ಬಂದರೆ ಹೆಚ್ಚಾಗಿ 'ಔಟ್'. ನಡುವೆ 1 ಅಂತ ಕಂಡರೆ ಅದು 'ಎ' ಅಂತಲೇ ಬರೆದುಬಿಡಿ. 4,2,1,5 ಇದ್ದು ಕೊನೆಗೆ ಇ ಬಂದ ಕೂಡಲೇ ನನ್ನ ಕೈ 'ಒನ್ಸ್ ಇನ್ ಎ ವೈಲ್' ಅಂತ ಹೊಂದಿಸಿ ನೋಡುತ್ತದೆ. ಅರ್ಥ ಆಮೇಲೆ.

ಚೌಕದ ಕಟ್ಟೂ ಸಹಾಯ ಮಾಡುತ್ತದೆ. ನಮ್ಮ ಇಂಗ್ಲಿಷ್ ಪೇಪರುಗಳ ಕ್ರಿಪ್ಟಿಕ್ ಪದಬಂಧಗಳು, ಅಂದರೆ ಸುಳಿವನ್ನು ಒಗಟಿನಂತೆ ಕೊಡುವವು, ಬ್ರಿಟಿಷ್ ಮಾದರಿಯವು. ಸಾಮಾನ್ಯವಾಗಿ ಒಂದು ಮನೆ ಬಿಟ್ಟು ಒಂದು ಮನೆಗೆ ಅಡ್ಡಪದ ಸಿಗುತ್ತದೆ. ಹಾಗಾಗಿ ಬೆಸಸಂಖ್ಯೆಯ ಪದದಲ್ಲಿ ಮೊದಲ ಮನೆಗೆ ಅಡ್ಡಪದ ಇದ್ದರೆ ಕೊನೆಯ ಮನೆಗೂ ಇರುತ್ತದೆ. ಸಮಸಂಖ್ಯೆಯಾದರೆ ಎರಡರಲ್ಲಿ ಒಂದೇ. ಬಾಲಕ್ಕೆ ಅಡ್ಡ ಬರುವ ಪದವನ್ನೇ ನಾನು ಮೊದಲು ಬಿಡಿಸುವುದು.

ಒಂದು ಕಾಲಂ ಬಗ್ಗೆ ಹೇಳಲೇಬೇಕು. ವರ್ಷಗಟ್ಟಲೆ ಬರೆದರೂ ಜೆ ಕೆಳಗೆ ಸೇರಿದ್ದು ಬೆರಳೆಣಿಕೆಯಷ್ಟೇ. ಮೂರಕ್ಷರಕ್ಕೆ ರಾಜ್, ತಾಜ್. ನಾಲ್ಕಕ್ಕೆ ಹಜ್. ಆರಕ್ಕೆ ಸ್ವರಾಜ್. ಎಲ್ಲವೂ ನಮ್ಮ ಕಡೆಯಿಂದ, ಅರಬ್ಬರ ಕಡೆಯಿಂದ ಹೋದವು! ಇಂಗ್ಲಿಷಿನ ಸ್ವಂತ ಪದ ಜೆಯಿಂದ ಮುಗಿಯುವುದಿಲ್ಲ. ವಿ ಕೂಡ ಹಾಗೇ. ಹ್ಯಾವ್, ಗಿವ್, ಲವ್ ಯಾವುದನ್ನೇ ತೆಗೆದುಕೊಳ್ಳಿ, ಬಾಲಕ್ಕೆ ಸದ್ದಿಲ್ಲದ ಒಂದು ಇ ಇದ್ದೇ ಇರುತ್ತದೆ. ಕೊನೆಯ ಮನೆಯಲ್ಲಿ ವಿ ಬಂದು ಕೂತರೆ ನಾನು ಮೊದಲು ಅಡ್ಡಪದವನ್ನೇ ಮತ್ತೆ ನೋಡುತ್ತೇನೆ.

ಹೀಗೆ ಬಾಲದಿಂದ ಪದ ಜೋಡಿಸಿದವರಲ್ಲಿ ನಾನೇ ಮೊದಲಿಗಳಲ್ಲ. 1775ರಲ್ಲೇ ಲಂಡನ್ನಿನಲ್ಲಿ ಜಾನ್ ವಾಕರ್ ಎಂಬುವರು ಕೊನೆಯ ಅಕ್ಷರದಿಂದ ಹಿಂದಕ್ಕೆ ಜೋಡಿಸಿದ ನಿಘಂಟು ತಂದಿದ್ದರು. ಪ್ರಾಸ ಹುಡುಕುವವರಿಗೆ ಅನುಕೂಲವಾಗಲಿ ಅಂತ. ಇಂಗ್ಲಿಷ್ ಪದ್ಯದ ಪ್ರಾಸ ಬಾಲದಲ್ಲಿ ತಾನೆ ಇರುವುದು. ನಮ್ಮ ಹಳಗನ್ನಡದ ಕವಿಗಳಿಗೆ ಇಂಥದ್ದು ಬೇಕಾಗುತ್ತಿರಲಿಲ್ಲ, ಅವರ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ.

ಅಕ್ಕನ ಮಗ ನನ್ನ ನೋಟ್‌ಬುಕ್ ನೋಡಿ, "ಚಿಕ್ಕಮ್ಮ, ಇದಕ್ಕೆ ಒಂದು ಸಾಲು ಸಾಕು" ಅಂದ. ಲ್ಯಾಪ್‌ಟಾಪಿನಲ್ಲಿ ಗ್ರೆಪ್ ಅಂತ ಟೈಪ್ ಮಾಡಿದ, ಪಟ್ಟಿಯಲ್ಲಿ ಬೇಕಾದ ಸಾಲು ಹುಡುಕಿಕೊಡುವ ಆಜ್ಞೆಯಂತೆ ಅದು. ಆಮೇಲೆ ಟೋಪಿಯಂಥ ಒಂದು ಚಿಹ್ನೆ, ನಾಲ್ಕು ಚುಕ್ಕಿ, ವೈ, ಒಂದು ಡಾಲರ್ ಚಿಹ್ನೆ. ಟೋಪಿ ಅಂದರೆ ಸಾಲಿನ ಶುರು, ಒಂದು ಚುಕ್ಕಿ ಅಂದರೆ ಯಾವುದಾದರೂ ಒಂದು ಅಕ್ಷರ, ಡಾಲರ್ ಅಂದರೆ ಸಾಲಿನ ಕೊನೆ. ಎಂಟರ್ ಒತ್ತಿದ. ವೈ ಬಾಲದ ಐದಕ್ಷರದ ಪದಗಳು ಸರಸರ ಇಳಿದವು. ಐದಕ್ಷರದ ಪದ ಊಹಿಸುವ ವರ್ಡಲ್ ಆಟದ ಮೊದಲ ಉತ್ತರಪಟ್ಟಿಯನ್ನೂ ಹಾಗೇ ಎಣಿಸಿ ತೋರಿಸಿದ. 2,315 ಪದಗಳಲ್ಲಿ ಇ ಬಾಲದವು 424, ವೈ ಬಾಲದವು 364. ಎಸ್ ಬಾಲದವು ಬರೀ 36. ಆ ಪಟ್ಟಿ ಮಾಡಿದವರೂ ನನ್ನ ಹಾಗೇ ಸಾದಾ ಬಹುವಚನಗಳನ್ನು ಹೊರಗಿಟ್ಟಿದ್ದರು. ಅದನ್ನು ನೋಡಿ ತುಂಬಾ ಖುಷಿಯಾಯಿತು.

ಯಂತ್ರದ ಪಟ್ಟಿಯನ್ನು ಈಗ ಬಳಸುತ್ತೇನೆ, ಆದರೆ ಬಿಡಿಸಿ ಮುಗಿದ ಮೇಲೆ. ಅದರಲ್ಲಿ ಯಾರೂ ಬಳಸದ ಪದಗಳೂ ಬೆರೆತಿರುತ್ತವೆ. ಸುಮ್ನೆ ಕಣ್ಣಾಡಿಸಿದರೆ ಒಂದೂ ತಲೆಯಲ್ಲಿ ನಿಲ್ಲುವುದಿಲ್ಲ. ಸೋತು, ಕೈಯಾರೆ ಬರೆದ ಪದ ಮಾತ್ರ ಸರಿಯಾದ ಹೊತ್ತಿಗೆ ಎದ್ದು ಬರುತ್ತದೆ.

ಮೊನ್ನೆ ಆರಕ್ಷರದ ಪುಟದಲ್ಲಿ ಯು ಕೆಳಗೆ 'ಮಿಲ್ಯೂ' ಬರೆದೆ. ಅದರ ಮೇಲಿನ ಸಾಲಿನಲ್ಲಿ 'ಬ್ಯೂರೋ' ಆಗಲೇ ಇತ್ತು.