ಪ್ಲಾಸ್ಟಿಕ್ ಡಬ್ಬಿಯಿಂದ ಆಹಾರಕ್ಕೆ ರಾಸಾಯನಿಕ ಇಳಿಯದಂತೆ ತಡೆಯುವುದು ಹೇಗೆ?

ಯಾವ ಬಗೆಯ ಪ್ಲಾಸ್ಟಿಕ್ ಎಂದು ತಿಳಿಸುವ ತಳದ ಸಂಖ್ಯೆಯನ್ನು ಪರೀಕ್ಷಿಸಿ ಡಬ್ಬಿ ಕೊಂಡವರೇ, ಮನೆಗೆ ಬಂದ ಮೇಲೆ ಒಲೆಯಿಂದ ಇಳಿಸಿದ ಅಡುಗೆಯನ್ನು ನೇರವಾಗಿ ಅದಕ್ಕೆ ಸುರಿದು ಮುಚ್ಚಳ ಬಿಗಿಯುವುದನ್ನು ಮತ್ತೆ ಮತ್ತೆ ಕಾಣುತ್ತೇವೆ. ಎಚ್ಚರ ತಪ್ಪುವುದು ಅಲ್ಲಿಯೇ.

ಮೊದಲ ಹಂತ ಆಯ್ಕೆ. 3 ಎಂದಿರುವ ಪಿವಿಸಿಯಲ್ಲಿ ಅದನ್ನು ಮೆದುವಾಗಿಸಲು ಬೆರೆಸುವ ಥ್ಯಾಲೇಟ್‌ಗಳೂ, 6ರ ಪಾಲಿಸ್ಟೈರೀನ್‌ನಲ್ಲಿ ಅದರ ಮೂಲವಸ್ತುವಾದ ಸ್ಟೈರೀನ್ ಕೂಡ ಇರಬಹುದಾದ್ದರಿಂದ ಅವು ಬೇಡ. 7ರ ಗುಂಪಿಗೆ ಬಿಸ್ಫೆನಾಲ್ ಎ (ಬಿಪಿಎ) ಎಂಬ ರಾಸಾಯನಿಕ ಬಳಸಿ ತಯಾರಿಸುವ ಪಾಲಿಕಾರ್ಬೊನೇಟ್ ಸೇರಿದೆ. 5ರ ಪಾಲಿಪ್ರೊಪಿಲೀನ್ ಇದ್ದುದರಲ್ಲಿ ಮೇಲು. ಆದರೆ 1988ರಲ್ಲಿ ರೂಪುಗೊಂಡ ಈ ಸಂಖ್ಯೆಗಳ ಉದ್ದೇಶ ಮರುಬಳಕೆಗಾಗಿ ಪ್ಲಾಸ್ಟಿಕ್ಕನ್ನು ವಿಂಗಡಿಸುವುದೇ ಹೊರತು ಸುರಕ್ಷತೆಯನ್ನು ಖಾತರಿಪಡಿಸುವುದಲ್ಲ. ‘ಬಿಪಿಎ ಮುಕ್ತ’ ಎಂಬ ಚೀಟಿಯನ್ನೂ ಪೂರ್ಣವಾಗಿ ನಂಬಬೇಡಿ. ಅಂತಹ ಕೆಲವು ವಸ್ತುಗಳಲ್ಲಿ ಅದರದೇ ಹತ್ತಿರದ ಸಂಬಂಧಿಯಾದ ಬಿಸ್ಫೆನಾಲ್ ಎಸ್ ಬಳಕೆಯಾಗಿದೆ.

ಎರಡನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಬಿಸಿಯ ನಿರ್ವಹಣೆ. ಶಾಖ ಹೆಚ್ಚಿದಷ್ಟೂ ಪ್ಲಾಸ್ಟಿಕ್ಕಿನಿಂದ ರಾಸಾಯನಿಕಗಳು ಬೇಗ ಹೊರಬರುತ್ತವೆ. ಅಡುಗೆಯಲ್ಲಿ ಎಣ್ಣೆ, ಕೊಬ್ಬು ಅಥವಾ ಹುಳಿಯ ಅಂಶವಿದ್ದು ಅದು ಡಬ್ಬಿಯಲ್ಲಿ ಬಹಳ ಹೊತ್ತು ಉಳಿದರೆ ಪ್ರಮಾಣ ಇನ್ನೂ ಏರುತ್ತದೆ. ಆದ್ದರಿಂದ ಅಡುಗೆಯನ್ನು ಅಗಲವಾದ ಸ್ಟೀಲ್ ಪಾತ್ರೆಯಲ್ಲಿ ತೆಳುವಾಗಿ ಹರಡಿ ಆರಿಸಿ, ಕೈಗೆ ಬಿಸಿ ತಾಗದಂತಾದ ಮೇಲೆ ಡಬ್ಬಿಗೆ ತುಂಬಿ, ಎರಡು ಗಂಟೆಯೊಳಗೆ ಫ್ರಿಜ್‌ನಲ್ಲಿಡಿ. ಹೊರಗೆ ಹೆಚ್ಚು ಹೊತ್ತು ಬಿಟ್ಟರೆ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಮುಚ್ಚಳವೊಂದೇ ಪ್ಲಾಸ್ಟಿಕ್ ಆಗಿದ್ದರೂ ಹಬೆಯಾಡುವಾಗ ಮುಚ್ಚಬೇಡಿ, ಏಕೆಂದರೆ ಹಬೆಯು ಅದಕ್ಕೆ ತಗುಲಿ ನೀರಾಗಿ ಅಡುಗೆಗೇ ತೊಟ್ಟಿಕ್ಕುತ್ತದೆ.

ಮೈಕ್ರೊವೇವ್‌ನಲ್ಲಿ ಬಿಸಿ ಮಾಡಲು ಗಾಜು ಅಥವಾ ಪಿಂಗಾಣಿಯನ್ನೇ ಬಳಸಿ, ಪ್ಲಾಸ್ಟಿಕ್ ಹಾಳೆಯ ಬದಲು ಪಿಂಗಾಣಿ ತಟ್ಟೆ ಮುಚ್ಚಿ. ‘ಮೈಕ್ರೊವೇವ್ ಸೇಫ್’ ಎಂದು ಬರೆದಿರುವ ಡಬ್ಬಿ ಕರಗದಿರಬಹುದು, ಸೊಟ್ಟಗಾಗದಿರಬಹುದು. ಅದರಿಂದ ಏನೂ ಆಹಾರಕ್ಕೆ ಇಳಿಯುವುದಿಲ್ಲವೆಂದು ಅದರ ಅರ್ಥವಲ್ಲ. ಅಲ್ಲಿ ಮಾತ್ರ ಯಾವ ರಿಯಾಯಿತಿಯೂ ಬೇಡ.

ಹಾಲುಣಿಸುವ ಬಾಟಲಿಗಳಲ್ಲಿ ಬಿಸ್ಫೆನಾಲ್ ಎ ಬಳಕೆಯನ್ನು ಐರೋಪ್ಯ ಒಕ್ಕೂಟ 2011ರಲ್ಲಿ, ಅಮೆರಿಕ 2012ರಲ್ಲಿ ನಿಲ್ಲಿಸಿದವು. ಹಾಗಿದ್ದರೂ ಶಿಶುವಿನ ಬಿಸಿ ಹಾಲನ್ನು ಗಾಜಿನಲ್ಲಿ ಕಲಸಿ, ಆರಿದ ಮೇಲಷ್ಟೇ ಪ್ಲಾಸ್ಟಿಕ್ ಬಾಟಲಿಗೆ ಹಾಕಿ.

ನೀರಿಗೆ ಸ್ಟೀಲ್ ಬಾಟಲಿಯೇ ಸಾಕು. ಅಂಗಡಿಯ ನೀರಿನ ಬಾಟಲಿಯನ್ನು ಬಿಸಿಲಿನ ಕಾರಿನಲ್ಲಿ ಬಿಡಬೇಡಿ. ಶಾಖಕ್ಕೆ ಅದರಿಂದ, ಆ ಪ್ಲಾಸ್ಟಿಕ್ಕಿನ ತಯಾರಿಕೆಯಲ್ಲಿ ಬಳಸುವ ಆಂಟಿಮನಿ ಎಂಬ ಧಾತು ನೀರಿಗೆ ಸೇರುವುದು ಹೆಚ್ಚುತ್ತದೆ.

ತೊಳೆಯುವಾಗ ಒರಟು ನಾರು ಬೇಡ, ಮೆತ್ತನೆಯ ಸ್ಪಂಜು ಸಾಕು. ಗೀರು ಬಿದ್ದ, ಮಸುಕಾದ ಅಥವಾ ಅಂಟುವ ಡಬ್ಬಿಯನ್ನು ಒಣ ಪದಾರ್ಥಕ್ಕೆಂದೂ ಉಳಿಸಿಕೊಳ್ಳದೆ ಅಡುಗೆಮನೆಯಿಂದ ಹೊರಗೆ ಹಾಕಿ.