ಗ್ರೀನ್‌ಗೆ ತೂತು ಕೊರೆಯುವುದು ಸುಲಭ, ತುಂಬುವುದೇ ಕಷ್ಟ

ಮಳೆಗಾಲದಲ್ಲಿ ಗಾಲ್ಫ್ ಗ್ರೀನ್ ಮೇಲೆ, ಅಂದರೆ ಚೆಂಡು ಬೀಳುವ ಕುಳಿಯ ಸುತ್ತ ತೀರಾ ಗಿಡ್ಡಕ್ಕೆ ಕತ್ತರಿಸಿದ ಹುಲ್ಲುಹಾಸಿನ ಮೇಲೆ, ನೀರು ನಿಲ್ಲುತ್ತದೆ. ಬೇಸಿಗೆಯಲ್ಲಿ ಎಷ್ಟು ನೀರು ಬಿಟ್ಟರೂ ಕೆಳಗಿಳಿಯುವುದೇ ಇಲ್ಲ, ಅಲ್ಲಲ್ಲಿ ಹುಲ್ಲು ಕಂದುತ್ತದೆ. ಎರಡೂ ಬೇರೆ ಬೇರೆ ತೊಂದರೆಗಳು ಅನ್ನಿಸುತ್ತದೆ, ಅಲ್ವಾ? ಹೆಚ್ಚಿನ ಸಲ ಕಾರಣ ಒಂದೇ. ಆಟಗಾರರ ಕಾಲು, ಮೆಷಿನ್ ಭಾರ ಬಿದ್ದೂ ಬಿದ್ದೂ ಮಣ್ಣು ಗಟ್ಟಿಯಾಗಿರುತ್ತದೆ. ಹುಲ್ಲಿನ ಬುಡದಲ್ಲಿ ಸತ್ತ ಕಾಂಡ, ಬೇರು ಸೇರಿ ಮೆತ್ತೆ ಕಟ್ಟಿರುತ್ತದೆ. ಮದ್ದು ತೂತು ಕೊರೆದು ಮರಳು ತುಂಬುವುದು. ಕೊರೆಯುವುದನ್ನು ಎಲ್ಲರೂ ಸರಿಯಾಗಿಯೇ ಮಾಡುತ್ತಾರೆ. ತುಂಬುವಾಗ ಎಡವುತ್ತಾರೆ.

ಮೊದಲು ಕಾಲ ನೋಡಿಕೊಳ್ಳಿ. ಹುಲ್ಲು ಜೋರಾಗಿ ಬೆಳೆಯುತ್ತಿರಬೇಕು. ಬರ್ಮುಡಾ ಹುಲ್ಲಿಗೆ 27ರಿಂದ 35 ಡಿಗ್ರಿ ಸೆಲ್ಸಿಯಸ್ ಇಷ್ಟ, ಹಾಗಾಗಿ ಬೇಸಿಗೆ ಶುರುವಾದ ಮೇಲೆ. ಬೆಂಟ್ ಹುಲ್ಲಿಗೆ 15ರಿಂದ 24 ಡಿಗ್ರಿ ಸಾಕು, ಅದಕ್ಕೆ ವಸಂತ ಇಲ್ಲವೇ ಶರತ್ಕಾಲದ ಆರಂಭ. 'ಈಗ ಟೂರ್ನಮೆಂಟ್ ಇದೆ, ಚಳಿಗಾಲಕ್ಕೆ ನೋಡೋಣ' ಅನ್ನುವವರ ಮಾತು ಕೇಳಬೇಡಿ. ಚಳಿಗೆ ಬರ್ಮುಡಾ ಮಲಗಿರುತ್ತದೆ, ತೂತುಗಳು ತಿಂಗಳುಗಟ್ಟಲೆ ಬಾಯಿ ತೆರೆದೇ ಇರುತ್ತವೆ.

ಕೊರೆಯುವುದಕ್ಕೆ 12 ಮಿಲಿಮೀಟರ್‌ನ ಟೊಳ್ಳು ಟೈನ್ (ಮಣ್ಣನ್ನು ಕಿತ್ತು ಹೊರತೆಗೆಯುವ ಕೊಳವೆಯಂಥ ಹಲ್ಲು), 5 ಸೆಂಟಿಮೀಟರ್ ಅಂತರ, 7ರಿಂದ 10 ಸೆಂಟಿಮೀಟರ್ ಆಳ. ಹೊರಬಿದ್ದ ಮಣ್ಣಿನ ತುಂಡುಗಳನ್ನು ಗುಡಿಸಿ ತೆಗೆಯಿರಿ. ಇಷ್ಟೆಲ್ಲ ಮಾಡಿದರೂ ಮೇಲ್ಮೈಯಲ್ಲಿ ತೆರೆದದ್ದು ಸುಮಾರು ನೂರಕ್ಕೆ ಐದು ಪಾಲು ಮಾತ್ರ. ಅಂದಹಾಗೆ, ಮೊಳೆ ಹೊಡೆದ ಚಪ್ಪಲಿ ಹಾಕಿಕೊಂಡು ಹುಲ್ಲಿನ ಮೇಲೆ ಓಡಾಡಿ ಅಂತ ಮಾರುತ್ತಾರಲ್ಲ, ಅದಕ್ಕೆ ದುಡ್ಡು ಸುರಿಯಬೇಡಿ. ಮೊಳೆ ಮಣ್ಣನ್ನು ಹೊರಗೆ ತೆಗೆಯುವುದಿಲ್ಲ, ಪಕ್ಕಕ್ಕೆ ಒತ್ತುತ್ತದೆ ಅಷ್ಟೇ.

ಈಗ ಮರಳು. ಗ್ರೀನ್ ಕಟ್ಟುವಾಗ ಹಾಕಿದ ಮರಳಿನಷ್ಟೇ ದಪ್ಪದ್ದು ಬೇಕು. ಅದಕ್ಕಿಂತ ಸಣ್ಣದಾದರೆ ನೀರು ಆ ಪದರದಲ್ಲೇ ಸಿಕ್ಕಿಕೊಳ್ಳುತ್ತದೆ. ಗಾಜಿನ ಬಾಟಲಿಗೆ ಒಂದು ಹಿಡಿ ಮರಳು, ಮುಕ್ಕಾಲು ನೀರು ಹಾಕಿ ಕುಲುಕಿ ಇಡಿ. ಸ್ವಲ್ಪ ಹೊತ್ತಿಗೆ ನೀರು ತಿಳಿಯಾದರೆ ಸರಿ. ಚಹಾದ ಹಾಗೆ ಕದಡಿಯೇ ಇದ್ದರೆ ಆ ಲೋಡ್ ವಾಪಸ್ ಕಳಿಸಿ. ಅಗ್ಗಕ್ಕೆ ಸಿಗುತ್ತದೆಂದು ಕ್ರಷರ್ ಪುಡಿ ತಂದರಂತೂ ತೂತಿಗೆ ಬಿರಡೆ ಹಾಕಿದ ಹಾಗೆ.

ಎಲ್ಲಕ್ಕಿಂತ ಮುಖ್ಯ, ಮರಳು ಒಣಗಿರಬೇಕು. ಒಂದು ರಾತ್ರಿ ನಾನು ಟಾರ್ಪಾಲ್ ಹೊದಿಸುವುದನ್ನು ಮರೆತೆ. ತುಂತುರು ಮಳೆ ಬಂತು. ಮೇಲೆ ಮೇಲೆ ಒಣಗಿದೆಯಲ್ಲ ಅಂತ ಮರುದಿನ ಹಾಗೇ ಹರಡಿ ಬ್ರಷ್ ಎಳೆದೆವು. ನೋಡುವುದಕ್ಕೆ ಸಮವಾಗಿಯೇ ಇತ್ತು. ಹತ್ತು ದಿನಕ್ಕೆ ಗ್ರೀನ್ ತುಂಬ ಸಿಡುಬಿನ ಕಲೆಯ ಹಾಗೆ ಗುಳಿ. ಒದ್ದೆ ಮರಳು ತೂತಿನ ಬಾಯಲ್ಲೇ ಮುಚ್ಚಳ ಕಟ್ಟಿತ್ತು, ಕೆಳಗೆಲ್ಲ ಪೊಳ್ಳು. ಮತ್ತೆ ಮೊದಲಿನಿಂದ ಶುರು.

ಹಾಗಾಗಿ ಹೀಗೆ ಮಾಡಿ. ಇಬ್ಬನಿ ಆರಲಿ, ಹುಲ್ಲೂ ಒಣಗಲಿ. ಮರಳನ್ನು ಒಂದೇ ಸಲ ಸುರಿಯದೆ ತೆಳುವಾಗಿ ಹರಡಿ. ಮೆತ್ತನೆ ಬ್ರಷ್‌ನಿಂದ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಎಳೆಯಿರಿ. ಕಬ್ಬಿಣದ ಜಾಲರಿ ಬೇಗ ಕೆಲಸ ಮುಗಿಸುತ್ತದೆ ನಿಜ, ಆದರೆ ಸುಡುಬಿಸಿಲಲ್ಲಿ ಅದು ಎಲೆಯನ್ನೇ ಸವೆಸಿಬಿಡುತ್ತದೆ. ಆಮೇಲೆ ಅಲ್ಲಲ್ಲಿ ಕುಕ್ಕರಗಾಲಲ್ಲಿ ಕೂತು ಬೆಂಕಿಕಡ್ಡಿ ಚುಚ್ಚಿ ನೋಡಿ. ಕಡ್ಡಿ ಸರಕ್ಕನೆ ಒಳಗಿಳಿದರೆ ಒಳಗೆ ಖಾಲಿ ಇದೆ ಅಂತ. ಮತ್ತೆ ಮರಳು, ಮತ್ತೆ ಬ್ರಷ್. ತೂತು ಬಾಯಿತನಕ ತುಂಬುವವರೆಗೆ ನೀರಿನ ಪೈಪ್ ಮುಟ್ಟಬೇಡಿ.

ಆಮೇಲೆ ನೀರು ಹಾಯಿಸಿ, ಹಗುರ ರೋಲರ್ ಓಡಿಸಿ. 3 ಮಿಲಿಮೀಟರ್‌ಗೆ ಕತ್ತರಿಸುವ ಗ್ರೀನನ್ನು ಕೆಲವು ದಿನ 4ಕ್ಕೆ ಬಿಡಿ. ಮೊದಲ ಎರಡು ಮೂರು ಸಲ ಹಳೇ ಮೆಷಿನ್ನೇ ಇರಲಿ, ಮರಳಿಗೆ ಸಿಕ್ಕ ಹೊಸ ಬ್ಲೇಡ್ ಸತ್ತ ಹಾಗೇ. ಎರಡು ಮೂರು ವಾರದಲ್ಲಿ ಹುಲ್ಲು ಕೂಡಿಕೊಳ್ಳುತ್ತದೆ.

ತಿಂಗಳಾದ ಮೇಲೆ ಕಪ್, ಅಂದರೆ ಚೆಂಡು ಬೀಳುವ ಕುಳಿಯ, ಜಾಗ ಬದಲಿಸುವಾಗ, ಕೊರೆದು ತೆಗೆದ ಮಣ್ಣಿನ ದಿಂಡನ್ನು ಹಳೇ ಕುಳಿಗೆ ಇಳಿಸುವ ಮೊದಲು ಒಮ್ಮೆ ತಿರುಗಿಸಿ ನೋಡಿ. ಮರಳಿನ ಗೆರೆ ಹಿಡಿದು ಬಿಳಿ ಬೇರು ಕೆಳಗಿಳಿದಿರಬೇಕು. ನಡುವೆ ಪೊಳ್ಳು ಕಂಡರೆ ಅವತ್ತು ಮರಳು ಒಣಗಿರಲಿಲ್ಲ.