ಹೋಗಿ ಬರ್ತೀನಿ

ನನ್ನ ತಮ್ಮನಿಗೆ ಅರಸೀಕೆರೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಜಪಾನಿನ ಅನಿಮೆ, ಅಂದರೆ ಅಲ್ಲಿನ ಕಾರ್ಟೂನ್ ಚಿತ್ರಗಳು, ಅವನಿಗೆ ಪ್ರಾಣ. ಓದಿದ್ದು ಕನ್ನಡ ಮಾಧ್ಯಮ, ಹಾಗಾಗಿ ಇಂಗ್ಲಿಷ್ ಸಬ್‌ಟೈಟಲ್ ಓದಿ ಮುಗಿಸುವಷ್ಟರಲ್ಲಿ ಚಿತ್ರ ಮುಂದೆ ಹೋಗಿರುತ್ತಿತ್ತು. ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದ. ನಾವು ಬೆಳೆಯುವಾಗ ಬೇರೆ ಭಾಷೆಯ ಸಿನಿಮಾ ಕನ್ನಡದಲ್ಲಿ ಮಾತಾಡುವ ಹಾಗೇ ಇರಲಿಲ್ಲ. ಡಬ್ಬಿಂಗ್ ತಡೆಯುವುದು ಸಲ್ಲದು ಎಂದು ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಅಷ್ಟು ಹೊತ್ತಿಗೆ ಅವನು ನಿಲ್ಲಿಸಿ ನೋಡುವುದಕ್ಕೇ ಒಗ್ಗಿಹೋಗಿದ್ದ. ಅವನಿಗಾಗಿಯೇ ನಾನು ಕನ್ನಡ ಸಬ್‌ಟೈಟಲ್ ಬರೆಯಲು ಕೂತೆ.

ಸಾಲಿಗೆ 42 ಅಕ್ಷರ, ತೆರೆಯ ಮೇಲೆ ಎರಡೇ ಸಾಲು ಎಂಬುದು ಈ ಕೆಲಸದ ವಾಡಿಕೆ. ಕನ್ನಡದಲ್ಲಿ ಇದು ಬೇಗ ಕೈಕೊಡುತ್ತದೆ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದಕ್ಷರ, ಕಂಪ್ಯೂಟರಿನ ಲೆಕ್ಕದಲ್ಲಿ ಆರು. ಎಣಿಕೆ ನಂಬಿ ಒಳ್ಳೊಳ್ಳೆಯ ಸಾಲುಗಳನ್ನು ಕತ್ತರಿಸಿದ್ದೇನೆ. ಆಮೇಲೆ ಎಣಿಸುವುದನ್ನು ಬಿಟ್ಟು, ಗಟ್ಟಿಯಾಗಿ ಓದಿ ನೋಡುವುದನ್ನು ರೂಢಿ ಮಾಡಿಕೊಂಡೆ.

ಮೊದಲ ಕಂತು ಮುಗಿಸಿ ಬೆಂಗಳೂರಿನ ಅನಿಮೆ ಗೆಳೆಯರ ಕೂಟಕ್ಕೆ ತೋರಿಸಿದೆ. ಹತ್ತು ಹದಿನೈದು ವರ್ಷದಿಂದ ನೋಡುತ್ತ ಬಂದ ಹಿರಿಯರು ಅಲ್ಲಿದ್ದರು. ಶಾಲೆಗೆ ಹೊರಟ ಹುಡುಗಿ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ 'ಇತ್ತೆಕಿಮಸ್' ಅನ್ನುತ್ತಾಳೆ. ನಾನು 'ಹೋಗಿ ಬರ್ತೀನಿ' ಎಂದು ಬರೆದಿದ್ದೆ. ಅಲ್ಲೇ ತಡೆದರು. ಇಂಥ ಮಾತನ್ನು ಮುಟ್ಟಬಾರದು, ಜಪಾನಿಯಲ್ಲೇ ಬಿಟ್ಟು ಮೇಲೊಂದು ಟಿಪ್ಪಣಿ ಹಾಕಬೇಕು, ಅದೇ ಪದ್ಧತಿ ಅಂದರು. ಅಣ್ಣ ಅನ್ನುವ 'ಒನೀಸಾನ್' ಹಾಗೇ ಇರಬೇಕು, ಸೀನಿಯರ್ ಅನ್ನುವ 'ಸೆನ್‌ಪೈ' ಹಾಗೇ ಇರಬೇಕು. ಕನ್ನಡದಲ್ಲಿ ನೋಡಬೇಕು ಅನ್ನುವವನು ಅಸಲಿ ಅಭಿಮಾನಿಯೇ ಅಲ್ಲ ಅಂದವರೂ ಇದ್ದರು. ತಮ್ಮನ ಮುಖ ನೆನಪಾಗಿ ನನಗೆ ಬಹಳ ನೋವಾಯಿತು.

ಮನೆಗೆ ಬಂದು ಯೋಚಿಸಿದೆ. ಆ ಪದ್ಧತಿ ಹುಟ್ಟಿದ್ದು ಎಲ್ಲಿ? ಇಂಗ್ಲಿಷಿನಲ್ಲಿ ಅಲ್ಲವೇ? ಇಂಗ್ಲಿಷಿಗೆ ಅಪರಿಚಿತ ಹುಡುಗನನ್ನು 'ಅಣ್ಣಾ' ಎಂದು ಕರೆದು ಗೊತ್ತಿಲ್ಲ, ಅದಕ್ಕೇ 'ಒನೀಸಾನ್' ಅನ್ನು ಹಾಗೇ ಇಟ್ಟುಕೊಂಡರು. ನಮಗೇಕೆ ಆ ಕೊರತೆ? ಆಟೋ ಓಡಿಸುವವನೂ ನಮಗೆ ಅಣ್ಣ, ಕಾಲೇಜಿನ ಸೀನಿಯರ್ ಹುಡುಗಿಯೂ ಅಕ್ಕ. 'ಇತ್ತೆ' ಅಂದರೆ ಹೋಗಿ, 'ಕಿಮಸ್' ಅಂದರೆ ಬರುತ್ತೇನೆ. ಪದಕ್ಕೆ ಪದ ಕೂಡುತ್ತದೆ. ಹೊರಡುವಾಗ ಬರೀ 'ಹೋಗ್ತೀನಿ' ಅಂದರೆ ನಮ್ಮಮ್ಮ ಈಗಲೂ ಗದರುತ್ತಾಳೆ, 'ಬರ್ತೀನಿ ಅನ್ನು' ಅಂತ. ಮನೆಗೆ ಮರಳಿದವರು 'ಬಂದೆ' ಅನ್ನುವ ಹಾಗೆ 'ತದೈಮಾ' ಅಂದಾಗ ಒಳಗಿನಿಂದ ಬರುವ ಉತ್ತರ ನಮ್ಮ 'ಬಂದ್ಯಾ?' ತಾನೇ! ಎರಡೂ ಭಾಷೆಯಲ್ಲಿ ಕ್ರಿಯಾಪದ ಬರುವುದು ಕೊನೆಗೆ. ಪಾತ್ರ ತಡವರಿಸಿ ಕಡೆಗೆ ಹೇಳುವ 'ಇಲ್ಲ' ಕನ್ನಡದ ಸಾಲಿನಲ್ಲೂ ಕಡೆಗೇ ಬರುತ್ತದೆ, ಗುಟ್ಟು ಮೊದಲೇ ಒಡೆಯುವುದಿಲ್ಲ.

ಇನ್ನೊಂದು ದೃಶ್ಯ. ಮರ್ಯಾದೆಯಿಂದ ಮಾತಾಡುತ್ತಿದ್ದ ಹುಡುಗ ಸಿಟ್ಟಿನಲ್ಲಿ ಥಟ್ಟನೆ ಏಕವಚನಕ್ಕಿಳಿದು 'ಒಮಾಯೆ' ಅನ್ನುತ್ತಾನೆ. ನಾನು 'ನೀವು' ಇದ್ದದ್ದನ್ನು ಅಲ್ಲಿಂದ 'ನೀನು' ಮಾಡಿದ್ದೆ. ಹಿರಿಯರೊಬ್ಬರು ಇದು ನಿಮ್ಮ ಕಲ್ಪನೆ, ಮೂಲದಲ್ಲಿಲ್ಲ ಅಂದರು. ಅವರು ಮೂಲ ಅಂದದ್ದು ಇಂಗ್ಲಿಷ್ ಸಾಲನ್ನು. ಅದರಲ್ಲಿ ಎರಡೂ ಕಡೆ 'ಯೂ' ಅಂತಲೇ ಇತ್ತು. ಜಪಾನಿ ಕಿವಿಗೊಟ್ಟು ಕೇಳಿ ಅಂದೆ. ಅವರು ಕೇಳಲಿಲ್ಲ.

ಅಲ್ಲಿಂದ ಹೊರಬಂದು ನಾವು ನಾಲ್ಕೈದು ಮಂದಿ ಸೇರಿ ಬರೆಯತೊಡಗಿದೆವು. ತಿದ್ದುವ ಕೆಲಸ ನನ್ನದು. ಧಾರವಾಡದ ಒಬ್ಬ ವಿದ್ಯಾರ್ಥಿನಿ ಜೊತೆಯಾದಳು. ಅವಳು ಬರೆದ ಕಂತಿನಲ್ಲಿ ಒಸಾಕಾ ಕಡೆಯ ಮಾತಾಡುವ ಒಬ್ಬ ಹುಡುಗನಿದ್ದ. ಅವನ ಬಾಯಲ್ಲಿ ಅವಳು 'ಏನ್ ಮಾಡಾಕತ್ತೀ ಇಲ್ಲೆ? ಸುಮ್ಕ ಕುಂದರ್ಬಾರದ?' ಎಂದು ಬರೆದಿದ್ದಳು. ನಾನು ಒಂದೂ ಬಿಡದೆ ನಮ್ಮ ಕಡೆಯ ಕನ್ನಡಕ್ಕೆ ತಿದ್ದಿ ಕಳಿಸಿದೆ. ಎಲ್ಲರಿಗೂ ಅರ್ಥವಾಗಬೇಕಲ್ಲ ಎಂದು ಕಾರಣವನ್ನೂ ಬರೆದೆ.

ಅವಳು ಫೋನ್ ಮಾಡಿದಳು. 'ಸರ, ನಿಮ್ಮ ಕನ್ನಡ ನಮಗ ತಿಳೀತೈತ್ರಿ. ನಮ್ಮದು ನಿಮಗ ತಿಳಿಯಂಗಿಲ್ಲೇನ್ರಿ?'

ತಕ್ಷಣ ಉತ್ತರ ಹೊಳೆಯಲಿಲ್ಲ. ಕೂಟದ ಹಿರಿಯರು ನನಗೆ ಮಾಡಿದ್ದನ್ನೇ ನಾನು ಇವಳಿಗೆ ಮಾಡಿದ್ದೆ, ಅದೂ ನನ್ನದೇ ಭಾಷೆಯ ಹೆಸರಿನಲ್ಲಿ. ಒಸಾಕಾದವನು ಟೋಕಿಯೊದವರ ನಡುವೆ ಬೇರೆಯಾಗಿ ಕೇಳಿಸುವುದೇ ಆ ಪಾತ್ರದ ಜೀವ. ಅದನ್ನೇ ಒರೆಸಿ ಹಾಕಿದ್ದೆ. ತಪ್ಪಾಯ್ತಮ್ಮ ಅಂದೆ.

ರಾತ್ರಿ ಕೂತು ಅವಳ ಸಾಲುಗಳನ್ನೆಲ್ಲ ಮತ್ತೆ ಅದೇ ಜಾಗಕ್ಕೆ ತಂದೆ. ಆ ಹುಡುಗ ಗೆಳೆಯನ ಮನೆಯಿಂದ ಹೊರಡುವಾಗ ಹೇಳುವ ಸಾಲೊಂದು ಮಾತ್ರ ತೆರೆಯ ಮೇಲೆ ಸಾಕಷ್ಟು ಹೊತ್ತು ನಿಲ್ಲುತ್ತಿರಲಿಲ್ಲ. ಈ ಸಲ ನಾನೇ ಕೈಹಾಕದೆ ಅವಳನ್ನು ಕೇಳಿದೆ. 'ಹೋಗಿ ಬರ್ತೇನ್ರಿ' ಇದ್ದದ್ದನ್ನು ಅವಳು 'ಬರ್ತೇನ್ರಿ' ಅಂತ ಮಾಡಿಕೊಟ್ಟಳು.